ರಬಕವಿಯಲ್ಲಿದ್ದೆ ಎಂದ ಐದು ತಿಂಗಳು

ಶ್ರಾವಣ ಮುಗಿಯಲು ಎರಡು ದಿನ ಇರುವಾಗ, ಬೆಳಗಿನ ಹತ್ತೂವರೆಗೆ, ನಾನು ಬನಹಟ್ಟಿಯಲ್ಲಿ ಗುರಪ್ಪನ ಚಹಾದ ಹೋಟೆಲಿನ ತಗಡಿನ ಚಪ್ಪರದ ಕೆಳಗೆ ನಿಂತಿದ್ದೆ. ಎಡಗಡೆಯ ಕಟ್ಟಿಗೆಯ ಕಂಬ ನನ್ನ ಹೆಗಲಿಗೆ ತಾಗುತ್ತಿತ್ತು. ಎದುರಿಗೆ ರಸ್ತೆ, ರಸ್ತೆಯಾಚೆ ನಾನು ಕೆಲಸ ಮಾಡುತ್ತಿದ್ದ ಮಗ್ಗದ ಶೆಡ್ಡು. ಕಂಬದಿಂದ ಶೆಡ್ಡಿನ ಬಾಗಿಲಿಗೆ ಇಪ್ಪತ್ತೆರಡು ಹೆಜ್ಜೆ, ಆಮೇಲೆ ಅಳೆದಿದ್ದೇನೆ. ಬಾಗಿಲಿಗೆ ಹೊರಗಿನಿಂದ ಕೀಲಿ ಬಿದ್ದಿತ್ತು. ಕೀಲಿಕೈ ನನ್ನ ಅಂಗಿಯ ಕಿಸೆಯಲ್ಲಿತ್ತು. ಒಳಗೆ ಇಬ್ಬರಿದ್ದರು.

ಇದನ್ನು ಮೊದಲಿಗೇ ಹೇಳುತ್ತಿದ್ದೇನೆ. ಯಾಕೆಂದರೆ ಅಲ್ಲಿಂದ ಸಂಕ್ರಾಂತಿಯವರೆಗೆ, ಕೇಳಿದವರಿಗೆಲ್ಲ, ಆ ಹೊತ್ತಿಗೆ ನಾನು ರಬಕವಿಯಲ್ಲಿದ್ದೆ ಎಂದು ಹೇಳುತ್ತ ಬಂದೆ.

ಹೋದ ತಿಂಗಳು ಜಮಖಂಡಿಯಲ್ಲಿ ಬೆಳಗಿನ ಚಳಿಗೆ ಯಾರೋ ನೂಲಿನ ಚಿಂದಿ ಸುಟ್ಟು ಕೈ ಕಾಯಿಸಿಕೊಳ್ಳುತ್ತಿದ್ದರು. ಮಗ್ಗಕ್ಕೆ ಉದ್ದುದ್ದ ಬಿಗಿಯುವ ಹಾಸಿನ ನೂಲು ಸುಟ್ಟ ವಾಸನೆ ಬಟ್ಟೆ ಸುಟ್ಟ ವಾಸನೆಯಂತಲ್ಲ. ಅದಕ್ಕೆ ಗಂಜಿ ಹಾಕಿರುತ್ತಾರೆ, ಸೀದ ಅನ್ನದ ಹಾಗೆ ಮೂಗಿಗೆ ಬಡಿಯುತ್ತದೆ. ಬಸ್ಸಿಗೆ ಹೊರಟವನು ಅಲ್ಲೇ ನಿಂತುಬಿಟ್ಟೆ. ಬಸ್ಸು ಹೋಯಿತು. ಆ ವರ್ಷ ಮತ್ತೆ ಪೂರ್ತಿಯಾಗಿ ಎದುರಿಗೆ ಬಂತು.

ನಾನು ತೇರದಾಳದವನು, ಹೆಸರು ಸಂಗಪ್ಪ. ಆ ಶೆಡ್ಡಿನಲ್ಲಿ ಜಾಬರ್ ಆಗಿದ್ದೆ, ಅಂದರೆ ಮಗ್ಗ ಕೆಟ್ಟರೆ ರಿಪೇರಿ ಮಾಡುವವನು. ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಹೋಗುತ್ತಿದ್ದೆ. ಜಾಬರ್ ಅತ್ತ ಮಾಲಕನೂ ಅಲ್ಲ, ಇತ್ತ ನೇಕಾರನೂ ಅಲ್ಲ. ಎರಡೂ ಕಡೆಯವರು ಅವನ ಎದುರಿಗೆ ಮಾತು ನಿಲ್ಲಿಸುತ್ತಾರೆ.

ಆ ಮಳೆಗಾಲದಲ್ಲಿ ನೇಕಾರರು ಕೂಲಿ ಹೆಚ್ಚಿಸಬೇಕೆಂದು ಮಗ್ಗ ನಿಲ್ಲಿಸಿದರು. ಬನಹಟ್ಟಿಯಲ್ಲಿ ಮಗ್ಗ ನಿಂತರೆ ಎರಡು ಓಣಿ ಆಚೆಯವರು ಕೆಮ್ಮಿದ್ದು ಕೇಳಿಸುತ್ತದೆ. ಮೂರನೆಯ ವಾರಕ್ಕೆ ಕೆಲವು ಮಾಲಕರು ಸದ್ದಿಲ್ಲದ ಕೆಲಸ ಶುರು ಮಾಡಿಸಿದರು. ಸದ್ದಿಲ್ಲದ ಕೆಲಸವೆಂದರೆ ಲಾಳಿಯೊಳಗೆ ಕೂಡುವ ಕಂಡಿಕಿಗೆ ಕೈರಾಟಿಯಲ್ಲಿ ನೂಲು ಸುತ್ತುವುದು, ಮುಗಿದ ಹಾಸಿನ ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಕೂಡಿಸುವುದು. ಕೆಲಸದವರನ್ನು ಒಳಗೆ ಬಿಟ್ಟು ಹೊರಗಿನಿಂದ ಕೀಲಿ ಹಾಕಿದರೆ ಶೆಡ್ಡು ಬಂದ್ ಇದ್ದಂತೆ ಕಾಣುತ್ತದೆ. ಹಿಂದಿನ ಬಂದ್‌ಗಳಲ್ಲೂ ಹೀಗೆ ಮಾಡಿದ್ದುಂಟು. "ಕೀಲಿ ಹಾಕಿ ಎದರಿಗೆ ಹೋಟೆಲಿನ್ಯಾಗ ಕುಂದ್ರು. ಕಣ್ಣಿಟ್ಟಿರು," ಎಂದು ಮಾಲಕರು ಹೇಳಿ ಜಮಖಂಡಿಗೆ ಹೋಗಿದ್ದರು.

ಒಳಗೆ ಹೋದ ಇಬ್ಬರು, ಕಂಡಿಕಿ ಸುತ್ತುವ ನೀಲವ್ವ ಮತ್ತು ಹಾಸು ಕೂಡಿಸುವ ಈರಪ್ಪಜ್ಜ. ನೀಲವ್ವನಿಗೆ ಆಗ ಮೂವತ್ತೈದು ಇರಬೇಕು. ಕೈ ಎಷ್ಟು ಓಡುತ್ತಿತ್ತೋ ಬಾಯಿಯೂ ಅಷ್ಟೇ ಓಡುತ್ತಿತ್ತು.

"ಸಂಗಣ್ಣಾ, ಕೀಲಿ ಹಾಕಿ ತೇರದಾಳಕ್ಕ ಹೋಗಿಬಿಟ್ಟಿ ಮತ್ತ, ಈ ಮುದುಕನ ಕೂಡ ನನ್ನ ಒಳಗಿಟ್ಟು."

"ಅಂಜಬ್ಯಾಡ ಬೇ," ಎಂದ ಈರಪ್ಪಜ್ಜ. "ನನಗ ಕೈಯಾಗಿನ ಎಳಿ ಕಾಣವಲ್ದು, ನೀ ಎಲ್ಲಿ ಕಾಣ್ತಿ."

ಮೂವರೂ ನಕ್ಕೆವು. ಅವರು ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋದರು. ನಮ್ಮಲ್ಲಿ ಮಗ್ಗ ಇರುವಲ್ಲಿಗೆ ಚಪ್ಪಲಿ ಮೆಟ್ಟಿಕೊಂಡು ಯಾರೂ ಹೋಗುವುದಿಲ್ಲ. ಅದನ್ನು ಯಾರೂ ಹೇಳಿಕೊಡುವುದಿಲ್ಲ, ಕಾಲು ತಾನೇ ಬಿಡುತ್ತದೆ. ನಾನು ಕೀಲಿ ಹಾಕಿದೆ, ಜಗ್ಗಿ ನೋಡಿದೆ. ಚಪ್ಪಲಿಗಳು ಅಲ್ಲೇ ಇದ್ದವು. ಹುಟ್ಟಿದಾಗಿನಿಂದ ಮಗ್ಗದ ಬಾಗಿಲ ಮುಂದೆ ಚಪ್ಪಲಿ ನೋಡಿದವನಿಗೆ ಅವು ಬಾಗಿಲಿನದೇ ಭಾಗ, ಬೇರೆಯಾಗಿ ಕಾಣಲಿಲ್ಲ.

ಬಂದ್ ಮಾಡಿದ ನೇಕಾರರ ಮೆರವಣಿಗೆ ಬಂದಾಗ ಅವು ಮಲ್ಲಪ್ಪನಿಗೆ ಕಂಡವು. ಮಲ್ಲಪ್ಪ ಬೇರೆ ಶೆಡ್ಡಿನ ನೇಕಾರ, ಎರಡು ಮಕ್ಕಳ ತಂದೆ, ಬಂದ್‌ನಲ್ಲಿ ಮುಂದೆ ನಿಂತವರಲ್ಲಿ ಒಬ್ಬ.

"ಏ, ಇಲ್ಲಿ ನೋಡ್ರಲೇ! ಬಾಗಲಕ ಕೀಲಿ, ಹೊರಗ ಎರಡು ಜೋಡಿ ಚಪ್ಪಲಿ. ದೆವ್ವ ಚಪ್ಪಲಿ ಬಿಟ್ಟು ಹೋಗ್ಯಾವೇನು ಒಳಗ?"

ಜನ ನಕ್ಕರು. ಯಾರೋ ಬಾಗಿಲು ಗುದ್ದಿದರು. ಒಳಗೆ ಸದ್ದಿಲ್ಲ.

"ಹೊಗಿ ಹಾಕ್ರಿ," ಎಂದ ಮಲ್ಲಪ್ಪ. "ಹಿತ್ತಲ ಬಾಗಲಿಂದ ಇಲಿ ಬಂದಂಗ ಬರ್ತಾರ."

ಎಲ್ಲ ಶೆಡ್ಡಿಗೂ ಹಿತ್ತಲ ಬಾಗಿಲಿರುತ್ತದೆ. ನಮ್ಮದನ್ನು ಬೇಸಿಗೆಯಲ್ಲಿ ಹೊಸ ಮಗ್ಗ ಕೂಡಿಸುವಾಗ ಇಟ್ಟಂಗಿ ಹಾಕಿ ಮುಚ್ಚಿದ್ದರು. ಅದು ಮಲ್ಲಪ್ಪನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಅವನು ರಸ್ತೆಯ ಬದಿಯ ಚಿಂದಿಯ ಗುಡ್ಡೆಯಿಂದ ಒಂದು ಹಿಡಿ ತೆಗೆದು, ಕಡ್ಡಿ ಗೀರಿ, ಬಡಿಗೆಯಿಂದ ಬಾಗಿಲ ಕೆಳಗೆ ತಳ್ಳಿದ. ಬಾಗಿಲ ಹಿಂದೆಯೇ ಚಿಂದಿಯ ಚೀಲ ಇತ್ತು. ಹೊಗೆ ಮೊದಲು ಕೆಳಗಿನಿಂದ ಬಂತು, ಆಮೇಲೆ ಮೇಲಿನ ಜಾಳಿಗೆಯ ಕಿಟಕಿಯಿಂದ. ಒಳಗಿನಿಂದ ಬಾಗಿಲು ಬಡಿಯುವ ಸದ್ದು ಬಂತು. ಆಮೇಲೆ ದನಿ.

"ಸಂಗಣ್ಣಾ! ಕೀಲಿ ತಗಿಯೋ! ಸಂಗಣ್ಣಾ!"

ಜನ ಹಿಂದೆ ಸರಿದರು. ಅರ್ಧ ಮಂದಿ ಓಡಿದರು. ಗುರಪ್ಪ ಒಲೆಯ ಹಿಂದಿನಿಂದ ಎದ್ದು "ಕೀಲಿಕೈ ಯಾರ ಹತ್ರ ಐತ್ರೋ?" ಎಂದು ಕೂಗಿದ, ನನ್ನ ಮುಖ ನೋಡಿದ. ನಾನು ಮುಖ ತಿರುಗಿಸಿದೆ. ಕೈ ಕಿಸೆಯ ಮೇಲೆ ಇತ್ತು. ರಸ್ತೆ ದಾಟಬೇಕೆಂದರೆ ಅಷ್ಟು ಜನರ ಕಣ್ಣೆದುರು ಕೀಲಿಕೈ ತೆಗೆಯಬೇಕು, ಒಳಗಿಟ್ಟವನು ನಾನೇ ಎಂದು ತೋರಿಸಬೇಕು. ಇಷ್ಟೇ ಅಂಜಿಕೆ. ಇದಕ್ಕಿಂತ ದೊಡ್ಡದೊಂದು ಕಾರಣ ಇದ್ದೀತೆಂದು ಎಷ್ಟೋ ಸಲ ಹುಡುಕಿದ್ದೇನೆ, ಇಲ್ಲ.

ಗುರಪ್ಪ ಹಿಂದೆ ಹೋಗಿ ಹಾರೆ ಹುಡುಕಿ ತಂದ. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಕಾದು, ಉಕ್ಕಿ, ಒಲೆ ಆರಿತು. ನಾನು ನಿಂತದ್ದು ಅಷ್ಟು ಹೊತ್ತು. ಅವನು ಕೊಂಡಿ ಕಿತ್ತು ಇಬ್ಬರನ್ನೂ ಹೊರಗೆ ಎಳೆದ. ನಾನು ಹೋಟೆಲಿನ ಹಿಂದಿನಿಂದ ನಡೆದು, ಸುತ್ತು ಹಾಕಿ, ರಬಕವಿಯ ರಸ್ತೆಯ ಕಡೆಯಿಂದ ಓಡುತ್ತ ಬಂದೆ. "ಎಲ್ಲಿದ್ದೀಪಾ?" ಎಂದು ಮೊದಲು ಕೇಳಿದವರು ಯಾರೆಂಬುದು ನೆನಪಿಲ್ಲ. ಉತ್ತರ ನೆನಪಿದೆ. ಪೊಲೀಸರಿಗೂ ಅದನ್ನೇ ಬರೆಸಿದೆ.

ಇಬ್ಬರೂ ಉಳಿದರು. ನೀಲವ್ವನ ಎಡ ಮುಂಗೈ ಸುಟ್ಟಿತ್ತು. ಅಜ್ಜನ ಎದೆಗೆ ಹೊಗೆ ಇಳಿದಿತ್ತು. ಜಮಖಂಡಿಯ ದವಾಖಾನೆಯಿಂದ ತಿರುಗಿ ಬಂದ ಮೇಲೆ ಅಜ್ಜ ಮಾತು ಬಿಟ್ಟ. ನೀಲವ್ವ ಮಾತ್ರ ಮೊದಲ ದಿನದಿಂದ ಒಂದೇ ಮಾತು ಹೇಳಿದಳು: ಬಾಗಿಲ ಎರಡು ಹಲಗೆಗಳ ನಡುವಿನ ಸಂದಿಯಿಂದ ನೋಡಿದೆ, ಸಂಗಣ್ಣ ಕಂಬದ ಹತ್ತಿರ ನಿಂತಿದ್ದ, ನೀಲಿ ಅಂಗಿ ಹಾಕಿದ್ದ.

ಆ ದಿನ ನಾನು ನೀಲಿ ಅಂಗಿ ಹಾಕಿದ್ದೆ.

"ಹೊಗಿ ತೆಲಿಗೇರಿತ್ತು," ಎಂದರು ಓಣಿಯವರು. "ಸಂಗಪ್ಪ ರಬಕವ್ಯಾಗಿದ್ನಂತ." ಅವಳ ಗಂಡ ನಿಂಗಪ್ಪನೂ ಅದನ್ನೇ ಹೇಳತೊಡಗಿದ. ಅವಳಿಗೆ ಮುಚ್ಚಿದ ಬಾಗಿಲ ಹಿಂದೆ ಕೂಡಲು ಆಗುತ್ತಿರಲಿಲ್ಲ. ಸ್ನಾನಕ್ಕೆ ಹೋದರೆ ಬಾಗಿಲು ತೆರೆದಿರಬೇಕು, ನಿಂಗಪ್ಪ ಬೆನ್ನು ತಿರುಗಿಸಿ ಕಾಯಬೇಕು. ಶೆಡ್ಡಿನ ಕೆಲಸವಂತೂ ಮುಗಿದೇ ಹೋಯಿತು. ಇದನ್ನೆಲ್ಲ ಒಟ್ಟಿಗೆ ಸೇರಿಸಿ ಜನ "ಆಕಿ ತೆಲಿ ಕೆಟ್ಟೈತಿ" ಎಂಬಲ್ಲಿಗೆ ತಂದು ನಿಲ್ಲಿಸಿದರು. ಒಂದು ವಾರ, ಎರಡು ವಾರ, ನಾನು ಅದನ್ನು ಕೇಳಿಸಿಕೊಂಡೆ. ಆಮೇಲೆ ಯಾರಾದರೂ ನನ್ನ ಮುಂದೆ ಹಾಗೆಂದರೆ "ಪಾಪ" ಎನ್ನುವುದನ್ನೂ ಕಲಿತೆ.

ದಸರೆಯ ಹೊತ್ತಿಗೆ ಬಂದ್ ಮುಗಿದು ಮಗ್ಗಗಳು ಓಡತೊಡಗಿದವು. ಹಿರಿಯರು ಸೇರಿ, ಬನ್ನಿ ಕೊಡುವ ದಿನ ಎಲ್ಲರನ್ನೂ ಕೂಡಿಸಿ ಜಗಳ ಅಲ್ಲಿಗೇ ಮುಗಿಸೋಣ ಎಂದರು. ನಮ್ಮ ಕಡೆ ಆ ದಿನ ಬನ್ನಿಯ ಎಲೆ ಕೈಗಿಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದರೆ ವೈರಿಯಾದರೂ ತೆಗೆದುಕೊಳ್ಳಬೇಕು. ಬೇಡ ಎನ್ನುವ ಪದ್ಧತಿಯೇ ಇಲ್ಲ. ಜಾಮೀನಿನ ಮೇಲೆ ಹೊರಗೆ ಬಂದಿದ್ದ ಮಲ್ಲಪ್ಪ ನೀಲವ್ವನಿಗೆ ಬನ್ನಿ ಕೊಟ್ಟ. ಅವಳು ಪಟ್ಟಿ ಕಟ್ಟದ ಕೈ ಚಾಚಿದಳು. ಜನ ಚಪ್ಪಾಳೆ ಹೊಡೆದರು. ಹಿಂದಿನಿಂದ ಯಾರೋ ನನ್ನನ್ನೂ ಮುಂದೆ ತಳ್ಳಿದರು. ನಾನೂ ಕೊಟ್ಟೆ.

"ನೀ ರಬಕವ್ಯಾಗಿದ್ದಿ. ಹೌದಿಲ್ಲೋ ಅಣ್ಣಾ?" ಎಂದಳು, ನನಗಷ್ಟೇ ಕೇಳುವ ಹಾಗೆ.

"ಹೂಂ ಬೇ."

"ಹಂಗಾರ ಬಂಗಾರದಂಗ ಇರೂಣು," ಎಂದು ಎಲೆ ತೆಗೆದುಕೊಂಡಳು. ಹತ್ತು ಹೆಜ್ಜೆ ಹೋಗಿ ಕುಸಿದು ಕುಳಿತಳು. ಉಪವಾಸ ಇರಬೇಕು ಎಂದರು ಜನ. ಹಿರಿಯರಿಗೆ ಅದು ರಾಜಿಯಾದ ದಿನ. ಬೇಡ ಎನ್ನಲಾಗದ ಕಡೆ ಅವಳನ್ನು ನಿಲ್ಲಿಸಿದ್ದು, ಕೀಲಿ ಬಿದ್ದ ಆ ಶೆಡ್ಡಿನ ನಂತರ, ಇದು ಎರಡನೆಯ ಸಲ ಎಂದು ಆಗ ಯಾರಿಗೂ ಅನ್ನಿಸಲಿಲ್ಲ.

ದೀಪಾವಳಿ ಮುಗಿದ ಮೇಲೆ ಧಾರವಾಡದಿಂದ ಸುಧಕ್ಕ ಬಂದರು. ಐವತ್ತರ ಆಸುಪಾಸಿನ ಹೆಣ್ಣುಮಗಳು, ಕೈಮಗ್ಗದ ಸೀರೆ, ಹೆಗಲಿಗೊಂದು ಚೀಲ. ಬಡಿದಾಟವಾದ ಊರುಗಳಲ್ಲಿ ಎರಡೂ ಕಡೆಯವರನ್ನು ಕೂಡಿಸಿ ಮಾತಾಡಿಸುವುದು ಅವರ ಕೆಲಸ. ಪಂಚಾಯ್ತಿಯಲ್ಲ, ಕೋರ್ಟೂ ಅಲ್ಲ. ಯಾರಿಗೆ ಏನಾಯಿತು, ಅದನ್ನು ಸರಿಪಡಿಸಲು ಮಾಡಿದವರು ಏನು ಮಾಡಬೇಕು ಎಂಬುದನ್ನು ಅವರ ಬಾಯಿಂದಲೇ ಆಡಿಸುವುದು. ಜೊತೆಗೆ ಊರಿನವನೊಬ್ಬ ಬೇಕೆಂದರು. ಹಿರಿಯರು ನನ್ನ ಹೆಸರು ಹೇಳಿದರು: "ಸಂಗಪ್ಪ ಛಲೋ. ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ಅವತ್ತ ಊರಾಗೂ ಇರ್ಲಿಲ್ಲ."

ಒಲ್ಲೆ ಎಂದಿದ್ದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಹೂಂ ಎಂದೆ.

ಹೀಗೆ ಕಾರ್ತಿಕದಿಂದ ಪ್ರತಿ ಭಾನುವಾರ ನಾನು ಶಾಲೆಯ ಕೋಣೆಯಲ್ಲಿ ಚಾಪೆ ಹಾಸಿ ಸುಧಕ್ಕನ ಎದುರು ಕುಳಿತೆ. ಅವರು ಒಂದೊಂದಾಗಿ ಕಲಿಸಿದರು. ಬಾಗಿಲು ಯಾವಾಗಲೂ ತೆರೆದಿರಬೇಕು. ಎಲ್ಲಿ ಕೂಡಬೇಕೆಂಬುದನ್ನು ಪೆಟ್ಟು ತಿಂದವರೇ ಆರಿಸಬೇಕು. ಇವತ್ತು ಏನು ನಡೆಯುತ್ತದೆ ಎಂಬುದನ್ನು ಮೊದಲೇ ಹೇಳಬೇಕು. ಎದ್ದು ಹೋದವರನ್ನು ತಡೆಯಬಾರದು. "ಮತ್ತ ಒಂದು ಮಾತು ನೆನಪಿಡ್ರಿ, ಸಂಗಪ್ಪನವರ," ಎಂದರು. "ಆದದ್ದಾತು, ಮರತು ಬಿಡ್ರಿ ಅಂತ ಯಾರಿಗೂ ಹೇಳಬ್ಯಾಡ್ರಿ. ಮರಿಯೂದು ಅವರ ಕೈಯಾಗಿಲ್ಲ." ಅವರು ಯಾರನ್ನೂ ಮೊದಲಿಗೇ ಒಟ್ಟಿಗೆ ಕೂಡಿಸಲಿಲ್ಲ. ಒಬ್ಬೊಬ್ಬರ ಮನೆಗೆ ಹೋಗಿ ಕೇಳಿದರು. ನಾನು ಹಿಂದೆ ಹೋದೆ. ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಡೆ ಸಾಲುಗಟ್ಟಿರುತ್ತಿದ್ದವು. ಎರಡು ಟ್ರೇಲರಿನ ನಡುವೆ ಸಿಕ್ಕಿಕೊಂಡು ಹಿಂದೆಯೂ ಇಲ್ಲದೆ ಮುಂದೆಯೂ ಇಲ್ಲದೆ ನಿಂತಾಗ, ಈಗ ಹೇಳಿಬಿಡಲೇ ಎಂದು ಬಾಯಿ ತೆರೆಯುತ್ತಿದ್ದೆ. ಟ್ರ್ಯಾಕ್ಟರು ಮುಂದೆ ಹೋಗುತ್ತಿತ್ತು.

ನೀಲವ್ವ ತನ್ನ ಮನೆಯ ಹೊಸ್ತಿಲ ಮೇಲೆ ಕುಳಿತು ಮಾತಾಡಿದಳು.

"ಮಲ್ಲ್ಯಾ ಬೆಂಕಿ ಹಚ್ಚಿದ್ದು ಗೊತ್ತೈತ್ರಿ ಅಕ್ಕಾರ. ಅವಂದು ನನಗ ತಿಳೀತೈತಿ, ಸಿಟ್ಟಿತ್ತು. ನನಗ ಬೇಕಾದ್ದು ಬ್ಯಾರೆ. ನಾ ಕಂಡದ್ದು ಖರೆ ಏನು ಸುಳ್ಳ ಏನು, ಅದೊಂದು ಹೇಳ್ರಿ ಯಾರರ. ಕಣ್ಣು ಕಂಡದ್ದ ಸುಳ್ಳಂದ್ರ, ಒಲಿ ಆರಿಸೇನೋ ಇಲ್ಲೋ, ಮಗಳು ಸಾಲಿಗೆ ಹೋಗ್ಯಾಳೋ ಇಲ್ಲೋ, ಯಾವುದನ್ನ ನಂಬ್ಲಿ?"

"ಆಕಿಗೆ ಹೊಗಿ ಏರಿತ್ತರಿ," ಎಂದ ನಿಂಗಪ್ಪ, ಒಳಗಿನಿಂದ.

ಅವಳು ನನ್ನ ಕಡೆ ನೋಡಲಿಲ್ಲ. ನಾನು ಅವಳ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಅದು ನನಗೆ ಒಪ್ಪಿಸಿದ ಕೆಲಸ. ತಪ್ಪಿಲ್ಲದೆ ಬರೆದೆ.

ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಸುಧಕ್ಕ, "ಅವತ್ತ ನೀವು ಎಲ್ಲಿದ್ರಿ?" ಎಂದು ಕೇಳಿದರು.

"ರಬಕವ್ಯಾಗರಿ."

ಅವರು ಮತ್ತೆ ಕೇಳಲಿಲ್ಲ.

ಮಲ್ಲಪ್ಪನನ್ನು ಭೇಟಿಯಾಗಲು ಜಮಖಂಡಿಯ ಕೋರ್ಟಿಗೆ ನಾನೊಬ್ಬನೇ ಹೋದೆ. ಅವತ್ತು ಅವನ ತಾರೀಖು ಇತ್ತು. ಹೊರಗಿನ ಬೇವಿನ ಗಿಡದ ಕೆಳಗೆ ಶೇಂಗಾ ಸುಲಿಯುತ್ತ ಕುಳಿತಿದ್ದ.

"ಬರ್ರಿ ಜಾಬರ್ ಸಾಹೇಬ್ರ. ಚಾಪಿ ತಂದೀರೇನು?"

"ಸಂಕ್ರಾಂತಿ ಮುಂದಿನ ಐತವಾರ ಕೂಡೂದೈತಿ. ನೀ ಬರ್ತಿಯೋ ಇಲ್ಲೋ ಕೇಳಾಕ ಬಂದೆ."

"ಬರ್ತೀನಿ. ಹಚ್ಚಿದ್ದು ನಾನ, ಹೇಳ್ತೀನಿ. ನನ್ನ ಹೆಂಡ್ತಿ ಐದು ತಿಂಗಳಾತು ನನ್ನ ಕೈಯಾಗ ಕಡ್ಡಿಪೆಟ್ಟಿಗಿ ಕೊಡವಲ್ಲು." ಒಂದು ಶೇಂಗಾ ನನ್ನ ಕೈಗಿಟ್ಟ. "ನೀ ಏನು ಹೇಳ್ತಿ?"

"ನಾ ಏನು ಹೇಳೂದೈತಿ. ನಾ ಬರಕೊಳ್ಳಾವ."

"ಲೇ ಸಂಗ್ಯಾ, ಬಾಗಲ ಬಡ್ಯಾಕತ್ತಿದ ಕೂಡ್ಲೇ ನಾ ಹಿಂದ ತಿರುಗಿದ್ನಿ. ಆಕಿ ಯಾರನ್ನ ಕರ್ಯಾಕತ್ತಾಳ ಅಂತ. ನೀ ಎಲ್ಲಿದ್ದಿ ನಾ ನೋಡೇನಿ." ನಕ್ಕ, ಆದರೆ ನಗು ಮುಖದಲ್ಲಿ ನಿಲ್ಲಲಿಲ್ಲ. "ನಾ ಹೇಳೂದಿಲ್ಲ ಬಿಡು. ನಾ ಹೇಳಿದ್ರ ತನ್ನ ಮ್ಯಾಲಿಂದು ಇನ್ನೊಬ್ಬನ ಮ್ಯಾಲ ಹಾಕ್ದ ಅಂತಾರ. ನೀನ ಹೇಳಬೇಕು. ಇಲ್ಲಾ, ಸಾಯೂತನಾ ರಬಕವ್ಯಾಗ ಇರು."

ಆ ಶೇಂಗಾ ತೇರದಾಳದವರೆಗೆ ಮುಷ್ಟಿಯಲ್ಲಿತ್ತು.

ಆ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಕೂಡಿದೆವು. ಶಾಲೆಯ ಕೋಣೆ, ತೆರೆದ ಬಾಗಿಲು, ಬಿಸಿಲು ಒಳಗಿನವರೆಗೆ. ನೀಲವ್ವ ಬಾಗಿಲಿಗೆ ಹತ್ತಿರ ಕುಳಿತಳು, ಪಕ್ಕದಲ್ಲಿ ನಿಂಗಪ್ಪ. ಎದುರಿಗೆ ಮಲ್ಲಪ್ಪ. ಗುರಪ್ಪ, ಓಣಿಯ ಇಬ್ಬರು ಹಿರಿಯರು, ಸುಧಕ್ಕ, ನಾನು. ಈರಪ್ಪಜ್ಜ ಬರುವುದಿಲ್ಲ ಎಂದು ಕೈ ಆಡಿಸಿದ್ದ.

ಮಲ್ಲಪ್ಪ ತಲೆ ತಗ್ಗಿಸಿ ಹೇಳಿದ. ಚಪ್ಪಲಿ ಕಂಡದ್ದು, ನಕ್ಕದ್ದು, ಕಡ್ಡಿ ಗೀರಿದ್ದು. "ಹಿತ್ತಲ ಬಾಗಲ ಐತಿ ಅನ್ಕೊಂಡಿದ್ನಿ. ಇಲ್ಲಂತ ಗೊತ್ತಾದ ಮ್ಯಾಲ ಕಾಲು ಓಡಿಸ್ತು, ನಾ ಓಡಿದ್ನಿ. ಕೀಲಿ ಒಡೀಬೇಕಿತ್ತು. ಒಡೀಲಿಲ್ಲ."

ನೀಲವ್ವ ಪೂರ್ತಿ ಕೇಳಿದಳು. "ಆತು. ನಿಂದು ಕೇಳಿದ್ನಿ," ಎಂದಳು. ಆಮೇಲೆ ಕೋಣೆಗೆಲ್ಲ ಕೇಳುವ ಹಾಗೆ, "ನಾ ಬಾಗಲ ಬಡಿಯೂ ಮುಂದ, ಕೀಲಿಕೈ ಇದ್ದಾವ ಹೊರಗ ಇದ್ನೋ ಇಲ್ಲೋ?"

ಗುರಪ್ಪ ತನ್ನ ಅಂಗೈ ನೋಡಿಕೊಂಡ.

"ಮತ್ತ ಅದನ್ನ ಎತ್ತಬ್ಯಾಡ," ಎಂದ ನಿಂಗಪ್ಪ, ಸೋತ ದನಿಯಲ್ಲಿ. "ಹೊಗಿ..."

"ನಾ ರಬಕವ್ಯಾಗ ಇರ್ಲಿಲ್ಲ," ಎಂದೆ.

ಪೆನ್ನು ಇನ್ನೂ ಕೈಯಲ್ಲಿತ್ತು. ಕೆಳಗಿಟ್ಟೆ. ಎಲ್ಲಿ ನಿಂತಿದ್ದೆ ಎಂದು ಹೇಳಿದೆ: ಚಪ್ಪರ, ಎಡಗಡೆಯ ಕಂಬ. ಕೀಲಿಕೈ ಕಿಸೆಯಲ್ಲಿತ್ತು ಎಂದು ಹೇಳಿದೆ. ಕ್ಷಮಿಸು ಎಂಬ ಮಾತು ಬಾಯಿಗೆ ಬಂತು. ಸುಧಕ್ಕ ಕೈ ಸ್ವಲ್ಪ ಎತ್ತಿದರು, ನಿಲ್ಲಿಸಿದೆ. ಕೇಳುವ ಸರದಿ ನೀಲವ್ವನದು.

"ಅಂಗಿ ಯಾವುದು?"

"ನೀಲಿ."

"ನನ್ನ ದನಿ ಕೇಳಿಸ್ತೇನು?"

"ಕೇಳಿಸ್ತು."

"ಏನಂದೆ ನಾ?"

"ಸಂಗಣ್ಣಾ, ಕೀಲಿ ತಗಿಯೋ ಅಂದಿ."

ಅವಳು ನಿಂಗಪ್ಪನ ಕಡೆ ತಿರುಗಿದಳು. "ಕೇಳಿದ್ರಿಲ್ಲೋ?" ಎಂದಳು. "ನನ್ನ ತೆಲಿ ಕೆಟ್ಟಿಲ್ಲ." ಆಮೇಲೆ ಸೆರಗು ಬಾಯಿಗೊತ್ತಿಕೊಂಡು ಬಹಳ ಹೊತ್ತು ಅತ್ತಳು. ನಿಂಗಪ್ಪ ಅವಳ ಸುಟ್ಟ ಕೈ ಹಿಡಿಯಲು ಹೋದ. ಅವಳು ಕೊಡಲಿಲ್ಲ.

ಏನಾಗಬೇಕು ಎಂದು ಸುಧಕ್ಕ ಕೇಳಿದಾಗ ಅವಳಿಗೆ ಯೋಚಿಸಬೇಕಾಗಲಿಲ್ಲ. ಮಲ್ಲಪ್ಪ ನಮ್ಮ ಮನೆಯ ಮುಂದಿನ ಕಟ್ಟೆಗೆ ನೆರಳು ಕಟ್ಟಿಕೊಡಬೇಕು, ರಾಟಿ ಅಲ್ಲಿಟ್ಟುಕೊಂಡು ಹೊರಗೇ ಕಂಡಿಕಿ ಸುತ್ತುತ್ತೇನೆ ಎಂದಳು. ಕೋರ್ಟಿನದು ಕೋರ್ಟಿಗೆ ಬಿಟ್ಟದ್ದು ಎಂದಳು. ಆಮೇಲೆ ನನಗೆ.

"ಯಾರ್ಯಾರಿಗೆ ರಬಕವಿ ಅಂದೀಯೋ, ಅಷ್ಟೂ ಮನಿಗೆ ಹೋಗು. ಎಲ್ಲಿದ್ದಿ ಅಂತ ಹೇಳು. ನನ್ನ ಹತ್ರ ಬರಬ್ಯಾಡ. ನನಗ ಗೊತ್ತೈತಿ."

ಹೋದೆ. ಮೊದಲು ಪೊಲೀಸರಲ್ಲಿಗೆ ಹೋಗಿ ಹೇಳಿಕೆ ಬದಲಿಸಿದೆ, ಆಮೇಲೆ ಓಣಿಯ ಒಂದೊಂದೇ ಮನೆಗೆ. ಕೆಲಸ ಹೋಯಿತು. ಒಬ್ಬರು ಬಾಗಿಲು ಹಾಕಿಕೊಂಡರು. ಒಬ್ಬರು ಚಹಾ ಕೊಟ್ಟು, "ಈಗ್ಯಾಕ ಎಬ್ಬಸ್ತೀಪಾ, ಮಲಗಿದ್ದನ್ನ," ಎಂದರು. ಕೊನೆಯ ಮನೆಯ ಮುದುಕಿ ಎಲೆ ಅಡಿಕೆ ಕುಟ್ಟುತ್ತಿದ್ದಳು. ಹೊಸ್ತಿಲ ಹೊರಗೆ ನಿಂತು ಹೇಳಿ ಮುಗಿಸಿದೆ. ಕುಟ್ಟುವುದನ್ನು ನಿಲ್ಲಿಸದೆಯೇ ಎಂದಳು: "ಗೊತ್ತಿತ್ತೋ ತಮ್ಮಾ. ಭಾಳ ಮಂದಿಗೆ ಗೊತ್ತಿತ್ತು. ನೀನ ಇರ್ಲಿಲ್ಲ ಅಂದ ಮ್ಯಾಲ ನಾವು ಯಾಕ ಇದ್ದಿ ಅನ್ನೂದು ಅಂತ ಆಕೀಗೆ ಹುಚ್ಚಿ ಅಂದ್ವಿ."

ಹೇಳಿದರೆ ಹಗುರಾಗುತ್ತದೆ ಎನ್ನುತ್ತಾರೆ. ಆಗಲಿಲ್ಲ. ಮೊದಲು ಸುಳ್ಳಿನೊಳಗೆ ಇದ್ದೆ, ಆಮೇಲಿಂದ ಆ ಕಂಬದ ಹತ್ತಿರ ಇದ್ದೇನೆ. ನೀಲವ್ವ ನನ್ನ ಜೊತೆ ಮತ್ತೆ ಮಾತಾಡಿಲ್ಲ. ಬನಹಟ್ಟಿಗೆ ಹೋದಾಗ ದೂರದಿಂದ ಕಾಣುತ್ತಾಳೆ, ಕಟ್ಟೆಯ ಮೇಲೆ ರಾಟಿ ತಿರುಗಿಸುತ್ತ ಹೋಗುವವರನ್ನೆಲ್ಲ ನಿಲ್ಲಿಸಿ ಮಾತಾಡಿಸುತ್ತಿರುತ್ತಾಳೆ. ನಾನು ಬೇರೆ ರಸ್ತೆ ಹಿಡಿಯುತ್ತೇನೆ.

ಈರಪ್ಪಜ್ಜ ಮರುವರ್ಷದ ಮಳೆಗಾಲದಲ್ಲಿ ತೀರಿಕೊಂಡ. ಅವನು ಏನು ಕಂಡಿದ್ದನೋ ಯಾರಿಗೂ ಹೇಳಲಿಲ್ಲ. ಹತ್ತೂವರೆಗೆ ನಾನು ಅಲ್ಲಿ ನಿಂತಿದ್ದನ್ನು ಕಣ್ಣಾರೆ ಕಂಡು, ನನಗೆ ಗೊತ್ತಿದ್ದಂತೆ ಈಗಲೂ ಬದುಕಿರುವವರು ಮೂವರು. ಗುರಪ್ಪ, ನನ್ನ ಬಲಗಡೆ, ಒಲೆಯ ಹಿಂದಿನಿಂದ. ಮಲ್ಲಪ್ಪ, ರಸ್ತೆಯ ನಡುವೆ ನಿಂತು ಹಿಂದೆ ತಿರುಗಿದಾಗ. ನೀಲವ್ವ, ಬಾಗಿಲ ಒಳಗಿನಿಂದ, ಎಲ್ಲರಿಗಿಂತ ಹೆಚ್ಚು ಹೊತ್ತು.